ಕೆಡವುವ ಮುನ್ನ

ಜೀರ್ಣವಾದ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವ ವಿಚಾರವು ಇಂದು ಅನೇಕ ಕುಟುಂಬಗಳ ಮುಂದಿದೆ. ಕೆಡವುವುದು ಸುಲಭ, ಯಾವುದನ್ನು ಉಳಿಸಿಕೊಳ್ಳಬೇಕೆಂದು ನಿರ್ಣಯಿಸುವುದು ಕಠಿಣ. ಈ ವಿಷಯದಲ್ಲಿ ಜಪಾನಿನ ರಾಜಧಾನಿ ಟೋಕಿಯೋದ ಒಂದು ಗೃಹಸಮುಚ್ಚಯದ ಚರಿತ್ರೆಯನ್ನು ವಾಚಕರ ಅವಗಾಹನೆಗೆ ತರಲು ಇಚ್ಛಿಸುತ್ತೇವೆ.

1923ನೆಯ ಇಸವಿ ಸೆಪ್ಟೆಂಬರ್ 1ರಂದು, ಮಧ್ಯಾಹ್ನ 12 ಗಂಟೆಗೆ ಎರಡು ನಿಮಿಷ ಮುಂಚೆ, ಕಾಂತೋ ಪ್ರಾಂತ್ಯದಲ್ಲಿ ಭೀಕರ ಭೂಕಂಪವಾಯಿತು. ಮನೆಮನೆಗಳಲ್ಲಿ ಒಲೆಗಳು ಉರಿಯುತ್ತಿದ್ದ ಸಮಯವದು. ಮರದ ಮನೆಗಳಿಗೆ ಕಿಚ್ಚು ಹತ್ತಿ ನಗರದ ಬಹುಭಾಗವು ಭಸ್ಮವಾಯಿತು. ಮಡಿದವರು ಒಂದು ಲಕ್ಷಕ್ಕೂ ಅಧಿಕ. ಅವರಲ್ಲಿ ಬಹುಪಾಲು ಜನ ಬಲಿಯಾದುದು ಅಗ್ನಿಗೆ.

ಪರಿಹಾರಾರ್ಥವಾಗಿ ಬಂದ ದೇಣಿಗೆಗಳಿಂದ 1924ರಲ್ಲಿ ‘ದೋಜುನ್‌ಕೈ’ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ನೀರು ಎಲ್ಲರನ್ನೂ ಸಮನಾಗಿ ತಣಿಸುವಂತೆ ಉಪಕರಿಸುವ ಸಂಘವೆಂಬುದು ಆ ಹೆಸರಿನ ಭಾವ. ಅದು ಮರವನ್ನು ಬಿಟ್ಟು, ಕಬ್ಬಿಣದ ಸರಳುಗಳನ್ನಿಟ್ಟ ಕಾಂಕ್ರೀಟಿನಿಂದ ಟೋಕಿಯೋ, ಯೊಕೊಹಾಮಾ ನಗರಗಳಲ್ಲಿ 16 ಗೃಹಸಮುಚ್ಚಯಗಳನ್ನು ಕಟ್ಟಿಸಿತು. 1930ರಲ್ಲಿ ಉದ್ಯೋಗಸ್ಥ ಸ್ತ್ರೀಯರಿಗಾಗಿಯೇ ಒಂದನ್ನು ನಿರ್ಮಿಸಿತೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಇವುಗಳಲ್ಲಿ ಅವೊಯಾಮದ ಸಮುಚ್ಚಯವು 1927ರಲ್ಲಿ ಪೂರ್ಣಗೊಂಡಿತು. ಮೇಜಿ ದೇಗುಲಕ್ಕೆ ಸಾಗುವ ಸಾಲುಮರಗಳ ಒಮೊತೆಸಾಂದೋ ಬೀದಿಯುದ್ದಕ್ಕೂ ಅದರ ಮೂರಂತಸ್ತಿನ ಕಟ್ಟಡಗಳು ನಿಂತಿದ್ದವು. ಮಹಾಯುದ್ಧದ ತರುವಾಯ ಮನೆಗಳು ನಿವಾಸಿಗಳ ಒಡೆತನಕ್ಕೇ ಬಂದವು. ಕಾಲಕ್ರಮದಲ್ಲಿ ಗೋಡೆಗಳಿಗೆ ಬಳ್ಳಿ ಹಬ್ಬಿತು. ಕೆಲವು ಕೋಣೆಗಳು ಅಂಗಡಿಗಳಾದವು, ಚಿತ್ರಶಾಲೆಗಳಾದವು. ಆದರೆ ಆಪತ್ತಿನಿಂದ ಕಾಪಾಡಲೆಂದು ಕಟ್ಟಿದ ಮನೆಗಳು ತಾವೇ ಶಿಥಿಲವಾದವು. ಒಡೆಯರು ಅನೇಕರಾದುದರಿಂದ ಸಮ್ಮತಿಯು ಕೂಡಿಬರಲು ದಶಕಗಳು ಬೇಕಾದವು. ಉಳಿಸಿರೆಂಬ ಕೂಗಿನ ನಡುವೆಯೇ 2003ರಲ್ಲಿ ಅವು ನೆಲಸಮವಾದವು.

ಅಲ್ಲಿಯೇ ವಾಸ್ತುಶಿಲ್ಪಿ ತಾದಾವೊ ಅಂದೋ ಅವರ ಯೋಜನೆಯಂತೆ ನಿರ್ಮಿತವಾದ ನೂತನ ಕಟ್ಟಡವು 2006ರಲ್ಲಿ ತೆರೆಯಿತು. ಬೀದಿಯ ಮರಗಳನ್ನು ಮೀರಿ ಎತ್ತರಿಸಬಾರದೆಂದು ಅವರು ಅಂಗಡಿಗಳ ಅಂತಸ್ತುಗಳನ್ನು ಭೂಮಿಯ ಕೆಳಕ್ಕೂ ಇಳಿಸಿದರು. ಮೇಲ್ಭಾಗದಲ್ಲಿ ವಾಸದ ಮನೆಗಳನ್ನಿರಿಸಿದರು. ಒಂದು ಅಂಚಿನಲ್ಲಿ ಹಳೆಯ ಕಟ್ಟಡದ ರೂಪವನ್ನು ಹೊಸದಾಗಿ ಕಟ್ಟಿಸಿದರು. ದೋಜುನ್‌ಕೈ ಸಮುಚ್ಚಯಗಳಲ್ಲಿ ಕೊನೆಯದಾದ ಉಏನೋಶಿತ 2013ರಲ್ಲಿ ಕಣ್ಮರೆಯಾಯಿತು.

ಮರುಕಟ್ಟಿದ ಅಂಚು ಪ್ರತಿಕೃತಿಯೇ ಹೊರತು ಮೂಲವಲ್ಲ. ಆದರೂ ಮರದ ಎತ್ತರಕ್ಕೆ ಮಣಿದುದೂ, ಅಂಗಡಿಗಳ ನಡುವೆ ವಾಸಕ್ಕೆ ಎಡೆಯಿಟ್ಟುದೂ ವಿವೇಕವೆಂದೇ ನಾವು ಭಾವಿಸುತ್ತೇವೆ. ಹೊಸ ಮನೆಯ ನಕ್ಷೆ ಬರೆಯಿಸುವ ಮುನ್ನ ಮನೆಯ ಹಿರಿಯರನ್ನೆಲ್ಲ ಕೂಡಿಸಿ ಕೇಳಿರಿ: ಅಂಗಳದ ಯಾವ ಮರ ನಿಲ್ಲಬೇಕು? ಯಾವ ಬಾಗಿಲುವಾಡವನ್ನು ಮತ್ತೆ ಕೂಡಿಸಬೇಕು? ಎಲ್ಲಕ್ಕೂ ಮೊದಲು, ಹಳೆಯ ಮನೆಯಲ್ಲಿ ಬಾಳಿದವರಿಗೆ ಹೊಸದರಲ್ಲಿ ಕೋಣೆ ಎಲ್ಲಿ? ಇವುಗಳಿಗೆ ಉತ್ತರ ದೊರೆತ ಬಳಿಕ ಹಾರೆಯನ್ನೆತ್ತಬಹುದು.