ಮಾರಾಟವಾಗದ ಕಾರುಗಳನ್ನೂ ಎಣಿಸಿ

2023ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ 1962ರ ಫೆರಾರಿ 250 ಜಿಟಿಒ 5.17 ಕೋಟಿ ಡಾಲರಿಗೆ ಹೋಯಿತು. ಹರಾಜಿನಲ್ಲಿ ಯಾವ ಫೆರಾರಿಗೂ ಅಷ್ಟು ಹಣ ಅದುವರೆಗೆ ಬಂದಿರಲಿಲ್ಲ. ಮರುದಿನದ ಸುದ್ದಿಗಳಲ್ಲಿ ‘ದಾಖಲೆ’ ಎಂಬ ಪದ ಎದ್ದು ಕಂಡಿತು. ಅದು ಸುಳ್ಳೇನಲ್ಲ. ಆದರೆ ಹರಾಜಿಗೆ ಮುನ್ನ ಅದೇ ಕಾರಿಗೆ 6 ಕೋಟಿ ಡಾಲರಿಗೂ ಹೆಚ್ಚು ಬರುತ್ತದೆಂದು ಹರಾಜುದಾರರು ಹೇಳಿಕೊಂಡಿದ್ದರು. ಹಾಗಾಗಿ ಆ ಒಂದೇ ಸಂಜೆ ಎರಡು ಸಂಗತಿಗಳು ನಡೆದವು. ಒಂದು, ಹಿಂದಿನ ದಾಖಲೆ ಮುರಿಯಿತು. ಇನ್ನೊಂದು, ನಿರೀಕ್ಷಿಸಿದ ಹಣದಲ್ಲಿ ಎಂಬತ್ತು ಲಕ್ಷ ಡಾಲರಿನಷ್ಟು ಖೋತಾ ಆಯಿತು. ಮೊದಲನೆಯದನ್ನು ಜಗತ್ತು ಓದಿತು, ಎರಡನೆಯದನ್ನು ಓದಿದವರು ಕಡಿಮೆ. ಸಂತೆಯಲ್ಲಿ ದರ ಏರಿದಾಗ ಡಂಗುರ ಸಾರುವವರು ಬೇಕಾದಷ್ಟು ಜನ ಸಿಗುತ್ತಾರೆ; ಕೊಳ್ಳುವವರ ಕೈ ತುಸು ಹಿಂದೆ ಸರಿದಾಗ ಅದನ್ನು ಕೂಗಿ ಹೇಳುವವರು ಯಾರೂ ಇರುವುದಿಲ್ಲ. ಅದಕ್ಕಾಗಿಯೇ ಈ ಬರಹ.

ಸಂಗ್ರಾಹಕರ ಸ್ಪೋರ್ಟ್ಸ್ ಕಾರುಗಳ ಪೇಟೆ ಕನ್ನಡದ ಓದುಗರಿಗೆ ದೂರದ ಮಾತು ಎನಿಸಬಹುದು. ಹಳೆಯ ಕಾರು ಎಂದರೆ ನಮಗೆ ನೆನಪಾಗುವುದು ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ವಾಹನಗಳು. ಅವುಗಳನ್ನು ನೋಡಿ ಸಂತೋಷಪಡುತ್ತೇವೆ, ದರ ಕೇಳುವುದಿಲ್ಲ. ಆದರೆ ಪ್ರತಿ ಆಗಸ್ಟಿನಲ್ಲಿ ಈ ಪೇಟೆಯ ಅತಿದೊಡ್ಡ ಜಾತ್ರೆ ಸೇರುವ ಕ್ಯಾಲಿಫೋರ್ನಿಯಾದ ಮಾಂಟೆರೆಗೆ ಸಿಲಿಕಾನ್ ಕಣಿವೆಯಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ, ಮತ್ತು ಆ ಕಣಿವೆಯಲ್ಲಿ ಕನ್ನಡ ಮಾತಾಡುವ ಮನೆಗಳಿಗೇನೂ ಕೊರತೆಯಿಲ್ಲ. ಇಡೀ ಕಾರು ಕೊಳ್ಳಲಾಗದವರಿಗೆ ಕಾರಿನ ಒಂದು ಪಾಲನ್ನು ಷೇರಿನಂತೆ ಮಾರುವ ಕಂಪನಿಗಳೂ ಈಗ ಅಮೆರಿಕದಲ್ಲಿವೆ. ‘ಕಾರು’ ಎಂಬ ಪದದ ಜಾಗದಲ್ಲಿ ‘ಆಸ್ತಿ’ ಎಂಬ ಪದ ಬಂದು ಕೂತಿದೆ. ಓಡಿಸುವ ವಸ್ತುವಿಗೆ ಬೀಗ ಹಾಕಿ ಇಡುವುದನ್ನೇ ಜಾಣತನ ಎಂದು ಕರೆಯತೊಡಗಿದರೆ, ಅದು ಗಮನಿಸಬೇಕಾದ ಮೊದಲ ಲಕ್ಷಣ.

ನಮ್ಮ ಅಳುಕಿಗೆ ಕಾರಣ ನೆನಪು. 1988ರ ಆಗಸ್ಟ್ 14ರಂದು ಎಂಜೊ ಫೆರಾರಿ ತೀರಿಕೊಂಡರು. ಅವರ ಕಾಲದ ಕೊನೆಯ ಕಾರು ಎಫ್40ಕ್ಕೆ ಕಂಪನಿಯ ದರದ ಹಲವು ಪಟ್ಟು ಕೊಡಲು ಜನ ಸಾಲುಗಟ್ಟಿದರು. ಟೋಕಿಯೋದ ಷೇರು ಮತ್ತು ಭೂಮಿಯಿಂದ ಬಂದ ಹಣ ಯುರೋಪಿನ ಗ್ಯಾರೇಜುಗಳಿಗೆ ಹರಿಯಿತು. 1989ರಲ್ಲಿ ಒಂದು 250 ಜಿಟಿಒ 1.3 ಕೋಟಿ ಡಾಲರಿಗೂ ಮೇಲಿನ ಬೆಲೆಗೆ ಜಪಾನಿನ ಕೊಳ್ಳುಗನ ಪಾಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ಬಡ್ಡಿದರ ಶೇ. 15 ಮುಟ್ಟಿತು. ಡಿಸೆಂಬರಿನ ಕೊನೆಗೆ ನಿಕ್ಕೈ ಸೂಚ್ಯಂಕ 38,900ರ ಮೇಲೆ ಹೋಗಿ, ಅಲ್ಲಿಂದ ಜಾರತೊಡಗಿತು. 1990ರ ಆಗಸ್ಟಿನಲ್ಲಿ ಜಪಾನಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು ಶೇ. 6ಕ್ಕೆ ಏರಿಸಿತು. ಕಾರುಗಳಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಎಂಜಿನ್, ಅದೇ ಕೆಂಪು ಬಣ್ಣ. ಬದಲಾದದ್ದು ಸಾಲದ ಬೆಲೆ ಮಾತ್ರ. ಐದಾರು ವರ್ಷ ಕಳೆಯುವಷ್ಟರಲ್ಲಿ ಜಿಟಿಒಗಳು ಆ ಮೊತ್ತದ ಮೂರನೇ ಒಂದು ಭಾಗಕ್ಕೂ ಕಡಿಮೆಗೆ ಕೈಬದಲಾಗುತ್ತಿದ್ದವು.

ಆ ದಿನಗಳ ಇನ್ನೊಂದು ಕಥೆ ಜಾಗ್ವಾರ್ ಎಕ್ಸ್‌ಜೆ220ಯದು. 1988ರಲ್ಲಿ ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ಅದರ ಮಾದರಿ ಕಂಡಾಗ ಹನ್ನೆರಡು ಸಿಲಿಂಡರಿನ ಎಂಜಿನ್, ನಾಲ್ಕು ಚಕ್ರಕ್ಕೂ ಶಕ್ತಿ ಎಂಬ ಭರವಸೆಯಿತ್ತು. ತಯಾರಿಸುತ್ತೇವೆಂದು ಹೇಳಿದ್ದು 350 ಕಾರು; 50,000 ಪೌಂಡ್ ಮುಂಗಡ ಹಿಡಿದು ಬಂದವರು ಸಾವಿರಕ್ಕೂ ಹೆಚ್ಚು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಆ ಕುಲಾವಿಯನ್ನೇ ಲಾಭಕ್ಕೆ ಮಾರಬಹುದೆಂದು ಅನೇಕರು ಲೆಕ್ಕ ಹಾಕಿದ್ದರು. 1992ರಲ್ಲಿ ಕಾರು ಕೈಗೆ ಬರುವ ಹೊತ್ತಿಗೆ ಅದರಲ್ಲಿದ್ದದ್ದು ಆರು ಸಿಲಿಂಡರ್, ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ದರವೋ ಹಣದುಬ್ಬರಕ್ಕೆ ಗಂಟು ಹಾಕಿಕೊಂಡು ಮೂಲ ಬೆಲೆಯನ್ನು ಎಷ್ಟೋ ಹಿಂದೆ ಬಿಟ್ಟಿತ್ತು. ಪೇಟೆ ಅಷ್ಟರಲ್ಲಿ ಬಿದ್ದಾಗಿತ್ತು. ಒಪ್ಪಂದದಿಂದ ಹೊರಬರಲು ಕೊಳ್ಳುಗರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಾರು ಬೇಡವೆನ್ನಲು ಮೇಲಿಂದ ಹಣ ತೆತ್ತವರೂ ಉಂಟು. ಕೊನೆಗೆ ತಯಾರಾದದ್ದು ಮುನ್ನೂರಕ್ಕಿಂತ ಕಡಿಮೆ ಕಾರು, ಅವುಗಳಲ್ಲೂ ಕೆಲವು ವರ್ಷಗಟ್ಟಲೆ ಮಾರಾಟವಾಗದೆ ಉಳಿದವು. ‘ಅಪರೂಪ’ ಎಂಬ ಪದವೊಂದೇ ದರವನ್ನು ಎತ್ತಿ ಹಿಡಿಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮಲೆನಾಡು, ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2003ರ ಸುಮಾರಿಗೆ ಹಸಿ ವೆನಿಲಾ ಕೋಡಿನ ದರ ಕಿಲೋಗೆ ಸಾವಿರಗಳಲ್ಲಿತ್ತು, ತೋಟಕ್ಕೆ ರಾತ್ರಿ ಕಾವಲು ಹಾಕಬೇಕಿತ್ತು. ಕೆಲವೇ ವರ್ಷಗಳಲ್ಲಿ ಅದೇ ಕೋಡನ್ನು ಕೇಳುವವರಿರಲಿಲ್ಲ. ಹಣ ಮಾಡಿಕೊಂಡವರಲ್ಲಿ ಬಳ್ಳಿಯ ತುಂಡು ಮಾರಿದವರೇ ಮುಂದಿದ್ದರು. ವಸ್ತು ಬೇರೆಯಾದರೂ ಗೆದ್ದೆತ್ತಿನ ಬಾಲ ಹಿಡಿಯುವ ಕೈ ಎಲ್ಲ ಕಡೆಯೂ ಒಂದೇ.

ಈಗ ಇಂದಿನ ಲಕ್ಷಣಗಳಿಗೆ ಬರೋಣ. ಅಮೆರಿಕದ ಬಡ್ಡಿದರ 2022ರ ಮಾರ್ಚ್‌ವರೆಗೆ ಸೊನ್ನೆಯ ಹತ್ತಿರವಿತ್ತು; 2023ರ ಜುಲೈಗೆ ಶೇ. 5.25–5.5ಕ್ಕೆ ಏರಿತು. 2022ರಲ್ಲಿ ಮಾಂಟೆರೆ ವಾರದ ಹರಾಜುಗಳ ಒಟ್ಟು ಮೊತ್ತ 46 ಕೋಟಿ ಡಾಲರ್ ಮೀರಿದ್ದು, 2024ರಲ್ಲಿ 40 ಕೋಟಿಗಿಂತ ಕೆಳಗಿಳಿಯಿತು, 2025ರಲ್ಲಿ ಮತ್ತೆ ಸ್ವಲ್ಪ ಚೇತರಿಸಿತು. ಆ ಚೇತರಿಕೆಯ ಒಳಗೆ ಇಣುಕಿ ನೋಡಬೇಕು. 349 ಮಾತ್ರ ತಯಾರಾದ ಫೆರಾರಿ ಎಫ್50 ಒಂದು 90 ಲಕ್ಷ ಡಾಲರ್ ದಾಟಿತು. ಹೊಸದಾಗಿ ಕಾರ್ಖಾನೆಯಿಂದ ಬಂದ ಡೇಟೋನಾ ಎಸ್‌ಪಿ3 ಒಂದಕ್ಕೆ 2.6 ಕೋಟಿ ಡಾಲರ್ ಬಂತು. ಅದು ದಾನಕ್ಕಾಗಿ ನಡೆದ ಹರಾಜು. ದಾನ ಕೊಡುವವನ ಧಾರಾಳವನ್ನು ಪೇಟೆಯ ದರವೆಂದು ಓದಬಾರದು. ಇತ್ತ ಒಂದು ಕಾಲದಲ್ಲಿ ಪ್ರತಿ ಸಂಗ್ರಾಹಕನ ಕನಸಾಗಿದ್ದ ಜಾಗ್ವಾರ್ ಇ-ಟೈಪ್, ಆಸ್ಟಿನ್-ಹೀಲಿಯಂಥ ಕಾರುಗಳು ಸದ್ದಿಲ್ಲದೆ ಹಿಂದೆ ಸರಿದಿವೆ. ಅವುಗಳ ಮೇಲೆ ಪ್ರೀತಿಯಿದ್ದ ತಲೆಮಾರಿಗೆ ವಯಸ್ಸಾಗಿದೆ. ಅವರು ಮಾರುತ್ತಿದ್ದಾರೆ, ಕೊಳ್ಳಬೇಕಾದ ಮಕ್ಕಳ ಗೋಡೆಯ ಮೇಲೆ ಚಿಕ್ಕಂದಿನಲ್ಲಿ ಬೇರೆ ಕಾರಿನ ಚಿತ್ರವಿತ್ತು. ಇಂದು ಏರುತ್ತಿರುವ ಎಫ್50ಗೂ ಒಂದು ದಿನ ಇದೇ ಸರದಿ ಬರುತ್ತದೆಂದು ಏಕೆ ಯಾರೂ ಯೋಚಿಸುವುದಿಲ್ಲ?

ಒಂದು ಚಿಕ್ಕ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ. ಸುತ್ತಿಗೆ ಬಿದ್ದ ಬೆಲೆ 10 ಲಕ್ಷ ಡಾಲರ್ ಎನ್ನೋಣ. ದೊಡ್ಡ ಹರಾಜು ಮನೆಗಳಲ್ಲಿ ಕೊಳ್ಳುಗ ಮೊದಲ 2.5 ಲಕ್ಷಕ್ಕೆ ಶೇ. 12, ಉಳಿದದ್ದಕ್ಕೆ ಶೇ. 10 ಶುಲ್ಕ ಕೊಡುವುದು ರೂಢಿ. ಅಂದರೆ ಅವನ ಕೈಯಿಂದ ಹೋಗುವುದು 11.05 ಲಕ್ಷ. ಮೂರು ವರ್ಷದ ನಂತರ ಅದೇ ಕಾರನ್ನು ಅವನು ಮಾರುತ್ತಾನೆ. ಸುತ್ತಿಗೆ 11 ಲಕ್ಷಕ್ಕೆ ಬೀಳುತ್ತದೆ. ಹೊಸ ಕೊಳ್ಳುಗನ ಶುಲ್ಕ ಸೇರಿ ಫಲಿತಾಂಶದ ಪಟ್ಟಿಯಲ್ಲಿ ಅಚ್ಚಾಗುವ ದರ 12.15 ಲಕ್ಷ. ಪಟ್ಟಿ ನೋಡಿದವರು ದರ ಏರಿತು ಎನ್ನುತ್ತಾರೆ. ಮಾರಿದವನು ತನ್ನ ಪಾಲಿನ ದಲ್ಲಾಳಿ ಶೇ. 6 ಎಂದು ಹಿಡಿದು ಕಳೆದರೆ ಅವನ ಕೈಗೆ ಬರುವುದು 10.34 ಲಕ್ಷ. ಪಟ್ಟಿಯಲ್ಲಿ 1.1 ಲಕ್ಷದ ಏರಿಕೆ, ಕಿಸೆಯಲ್ಲಿ 71 ಸಾವಿರದ ನಷ್ಟ! ವಿಮೆ, ಗ್ಯಾರೇಜು ಬಾಡಿಗೆ, ಮೂರು ವರ್ಷದ ಬಡ್ಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಫೆರಾರಿ ಎಫ್355ರಂಥ ಕಾರಿನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. ಆ ಖರ್ಚೂ ಬಂದಿಲ್ಲ.

ಇನ್ನೊಂದು ಲಕ್ಷಣವಿದೆ, ಅದು ಇನ್ನೂ ಸೂಕ್ಷ್ಮ. ಆರೋಗ್ಯವಂತ ಪೇಟೆಯಲ್ಲಿ ಒಳ್ಳೆಯದಕ್ಕೂ ಸಾಧಾರಣದಕ್ಕೂ ದರದಲ್ಲಿ ಅಂತರವಿರುತ್ತದೆ. ಚಾಸಿಗೆ ಹುಟ್ಟಿನಿಂದ ಬಂದ ಎಂಜಿನ್ನೇ ಇದೆಯೇ, ಮಾಲೀಕರ ಸರಣಿಯಲ್ಲಿ ತುಂಡು ಬಿದ್ದಿದೆಯೇ, ಬಣ್ಣ ಕಾರ್ಖಾನೆಯದೇ ಎಂದು ಜನ ಕೇಳುತ್ತಾರೆ. ಗಾಳಿಯಿಂದ ತಂಪಾಗುವ ಎಂಜಿನ್ನಿನ ಪೋರ್ಷೆ 911 ತಯಾರಿಕೆ 1998ರಲ್ಲಿ ನಿಂತಿತು. ಮುಂದೆ ಅವುಗಳ ದರ ನೆಗೆದಾಗ ಉತ್ತಮವಾದವು ಮಾತ್ರ ಏರಲಿಲ್ಲ. ಯಾರಿಗೂ ಬೇಡವಾಗಿದ್ದ ಆಟೋಮ್ಯಾಟಿಕ್ ಗೇರಿನವೂ ಅವುಗಳ ಬೆನ್ನು ಹತ್ತಿದವು. ನೆರೆ ಬಂದಾಗ ತೆಪ್ಪವೂ ತೇಲುತ್ತದೆ, ಕೊರಡೂ ತೇಲುತ್ತದೆ. ಎರಡರ ನಡುವಿನ ವ್ಯತ್ಯಾಸ ಜನಕ್ಕೆ ಕಾಣದಾಯಿತೆಂದರೆ ನೆರೆ ಬಂದಿದೆ ಎಂದು ತಿಳಿಯಬೇಕು.

ಉಳಿದ ಚಿಹ್ನೆಗಳು ಚಿಕ್ಕವು. ಒಂದು ಊರಿನಲ್ಲಿ ಮಾರಾಟವಾಗದ ಕಾರು ಕೆಲವು ತಿಂಗಳಲ್ಲಿ ಇನ್ನೊಂದು ಊರಿನ ಹರಾಜಿನಲ್ಲಿ ಕಾಣಿಸುತ್ತದೆ. ಚಾಸಿ ನಂಬರ್ ನೋಡಿದವರಿಗೆ ಮಾತ್ರ ಗುರುತು ಸಿಗುತ್ತದೆ. ಅಂದಾಜು ದರದ ಕೆಳ ಅಂಚಿಗಿಂತಲೂ ಕೆಳಗೆ ಸುತ್ತಿಗೆ ಬೀಳುತ್ತದೆ. ಕನಿಷ್ಠ ಬೆಲೆಯ ಷರತ್ತಿಲ್ಲದೆ ಮಾರಲು ಒಪ್ಪುವವರು ಹೆಚ್ಚುತ್ತಾರೆ. ಕಾರನ್ನು ಅಡವಿಟ್ಟು ಸಾಲ ಪಡೆದು ಇನ್ನೊಂದು ಕಾರು ಕೊಳ್ಳುವ ಮಾತು ಸಹಜವಾಗುತ್ತದೆ. ಒಂದೊಂದನ್ನೇ ನೋಡಿದರೆ ಇವು ಏನೂ ಅಲ್ಲ. ಗೆದ್ದಲೂ ಹಾಗೆಯೇ. ಬಾಗಿಲ ಚೌಕಟ್ಟು ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ.

ಹೀಗೆಂದರೆ ಸಿಗುವ ಉತ್ತರಗಳು ನಮಗೆ ಗೊತ್ತು. ‘ಇಂಥ ಕಾರು ಇನ್ನು ತಯಾರಾಗುವುದಿಲ್ಲ.’ ನಿಜ, 1990ರಲ್ಲೂ ಆಗುತ್ತಿರಲಿಲ್ಲ. ‘ದೀರ್ಘಾವಧಿಯಲ್ಲಿ ಏರಿಯೇ ಏರುತ್ತದೆ.’ ನ್ಯೂಯಾರ್ಕಿನಲ್ಲಿ ಮಾರಾಟವಾದ ಆ ಜಿಟಿಒವನ್ನು ಅದರ ಒಡೆಯ 1985ರಲ್ಲಿ ಕೊಂಡು 38 ವರ್ಷ ಇಟ್ಟುಕೊಂಡಿದ್ದರು. ಆ ಕುಸಿತವನ್ನು ಅವರು ದಾಟಿದ್ದು ಮಾರಲೇಬೇಕಾದ ಪ್ರಮೇಯ ಬಾರದ್ದರಿಂದ. ಸಾಲದಲ್ಲಿ ಕೊಂಡವನಿಗೆ ಅಂಥ 38 ವರ್ಷ ಇರುವುದಿಲ್ಲ. ‘ಶ್ರೀಮಂತರ ಆಟ, ನಮಗೇನು?’ ಪಾಲು ಮಾರುವ ಕಂಪನಿಗಳು ಬಂದ ಮೇಲೆ ಈ ಮಾತಿಗೂ ಬಲವಿಲ್ಲ.

ಹೀಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜ್ಯೋತಿಷ್ಯ ಬೇಕಿಲ್ಲ. ಮೊದಲು ಹರಾಜಿನ ಸಭಾಂಗಣದಲ್ಲಿ ಎತ್ತುವ ಕೈಗಳು ಕಡಿಮೆಯಾಗುತ್ತವೆ. ಆಮೇಲೆ ಸಾಲ ಕೊಟ್ಟವರು ಕರೆ ಮಾಡುತ್ತಾರೆ. ಒಬ್ಬ ಮಾರಿದ್ದು ಹತ್ತು ಜನರ ಕಾರಿನ ದರವಾಗುತ್ತದೆ. ಕೊನೆಗೆ ಏಟು ಬೀಳುವುದು ಎಂಜಿನ್ ಬಿಚ್ಚಿ ಜೋಡಿಸುವ ಚಿಕ್ಕ ಕಾರ್ಯಾಗಾರಗಳಿಗೆ, ತಡವಾಗಿ ಬಂದ ಚಿಕ್ಕ ಹೂಡಿಕೆದಾರನಿಗೆ.

ನಾಳೆಯೇ ಕುಸಿಯುತ್ತದೆ ಎಂದು ನಾವು ಹೇಳುತ್ತಿಲ್ಲ. ಇಳಿಯುವುದೇ ಇಲ್ಲ ಎನ್ನುವವರನ್ನು ನಂಬಬೇಡಿ ಎನ್ನುತ್ತಿದ್ದೇವೆ. ಅಟ್ಟ ಮೇಲೆ ಉರಿಯುವ ಒಲೆ ಯಾರಿಗೂ ಬೇಡ.

ಓಡಿಸುವ ಆಸೆಗೆ ಕೊಳ್ಳುವವನಿಗೆ ನಮ್ಮ ಆಕ್ಷೇಪವಿಲ್ಲ. ದರ ಬಿದ್ದರೂ ಅವನಿಗೆ ಕಾರು ಉಳಿಯುತ್ತದೆ.

ಉಳಿದವರಲ್ಲಿ ಒಂದೇ ವಿನಂತಿ. ಮುಂದಿನ ಹರಾಜಿನ ಫಲಿತಾಂಶ ಬಂದಾಗ ದಾಖಲೆಯ ಸುದ್ದಿಯನ್ನು ಬದಿಗಿಡಿ. ಪೂರ್ತಿ ಪಟ್ಟಿ ತೆರೆದು, ‘ಮಾರಾಟವಾಗಲಿಲ್ಲ’ ಎಂಬ ಸಾಲುಗಳನ್ನು ಎಣಿಸಿ.