ನಮ್ಮೂರಲ್ಲಿ ನಡೆದ ಸಂಶೋಧನೆಯ ಫಲಿತಾಂಶ ನಮ್ಮೂರಿಗೇ ಯಾಕೆ ಬರುವುದಿಲ್ಲ?

ಸಂಸೆ, ಕಳಸ ಕಡೆಗೆ ಹೊರಗಿನಿಂದ ಬರುವವರಲ್ಲಿ ಎರಡು ಗುಂಪು ಎಲ್ಲರಿಗೂ ಗೊತ್ತು. ಒಂದು, ಕುದುರೆಮುಖ ಹತ್ತಲು ಬರುವ ಪ್ರವಾಸಿಗರು. ಇನ್ನೊಂದು, ಹೊರನಾಡಿಗೆ ಹೋಗುವ ಭಕ್ತರು. ಮೂರನೆಯ ಗುಂಪೊಂದಿದೆ. ಅವರ ಕೈಯಲ್ಲಿ ಪ್ಲಾಸ್ಟಿಕ್ ಕವರ್, ನೋಟ್ ಬುಕ್, ಸಣ್ಣ ಡಬ್ಬಿಗಳು ಇರುತ್ತವೆ. ಹಳ್ಳದ ನೀರು ತುಂಬಿಕೊಳ್ಳುತ್ತಾರೆ, ಅಡಿಕೆ ಸೋಗೆಯ ತುಂಡು ಕತ್ತರಿಸಿಕೊಳ್ಳುತ್ತಾರೆ, ಅಣಬೆ ಕಿತ್ತು ಕಾಗದದಲ್ಲಿ ಸುತ್ತುತ್ತಾರೆ, ಹಳೆಯ ಕಲ್ಲಿನ ಫೋಟೊ ತೆಗೆಯುತ್ತಾರೆ, ಮನೆಯ ಹಿರಿಯರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಕಾಫಿ ಕುಡಿದು ಹೋಗುತ್ತಾರೆ. ಅವರೇ ಸಂಶೋಧಕರು.

ಹೋದವರು ಏನು ಕಂಡುಹಿಡಿದರು? ಹತ್ತರಲ್ಲಿ ಒಂಬತ್ತು ಊರಿನವರಿಗೆ ಇದು ಗೊತ್ತಿರುವುದಿಲ್ಲ. ಫಲಿತಾಂಶ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅದನ್ನು ಓದುವವರು ಇನ್ನೊಂದು ವಿಶ್ವವಿದ್ಯಾಲಯದವರು. ಸಂಶೋಧನೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಇನ್ನೂ ಹೆಚ್ಚಾಗಬೇಕು. ಆದರೆ ನಮ್ಮ ಮಣ್ಣಿನಿಂದ, ನಮ್ಮ ಮೈಯಿಂದ, ನಮ್ಮ ತೆರಿಗೆ ಹಣದಿಂದ ಹುಟ್ಟಿದ ತಿಳಿವಳಿಕೆ ಕನ್ನಡದಲ್ಲಿ ಊರಿಗೆ ವಾಪಸ್ ಬರಬೇಕು. ಇದು ಉಪಕಾರ ಅಲ್ಲ, ಬಾಕಿ.

"ಇದರಿಂದ ನಮಗೇನು ಲಾಭ?"

ಮೊದಲು ನಮ್ಮ ಕಡೆಯ ತಪ್ಪನ್ನು ಮಾತಾಡೋಣ. ಯಾರಾದರೂ ಹುಡುಗಿ ಹಳ್ಳದಲ್ಲಿ ಕೊಳೆತ ಎಲೆ ಆರಿಸುತ್ತಿದ್ದರೆ ನಾವು ನಗುತ್ತೇವೆ. "ಕೊಳೆತ ಎಲೆ ನೋಡೋಕೆ ಸರ್ಕಾರ ಸಂಬಳ ಕೊಡುತ್ತಾ?" ಎನ್ನುತ್ತೇವೆ.

ಕೊಳೆತದ್ದನ್ನು ನೋಡಿದವರಿಂದಲೇ ಮಲೆನಾಡಿನ ತೋಟ ಉಳಿದದ್ದು. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಮೈಸೂರು ಸೀಮೆಯ ಕಾಫಿ ಎಲೆಯನ್ನು ಕೊಳೆಸುವ ಶಿಲೀಂಧ್ರಕ್ಕೆ ಹೆಸರಿಟ್ಟ: ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಹೌದು, ನಮ್ಮ 'ಕೊಳೆರೋಗ'ವೇ. ನಮ್ಮ ಒಕ್ಕಲು ಮಕ್ಕಳು ಬಳಸುವ ಪದ ವಿಜ್ಞಾನದ ಪುಸ್ತಕದೊಳಗೆ ಹೋಗಿ ಕೂತಿತು.

1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಆಗ ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ ನೀರು ಕಾಯಿಗೆ ತಾಗದಿದ್ದರೆ ಕೊಳೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಸೂಕ್ಷ್ಮ ಜೀವಿಯೊಂದು ಮಳೆ, ಗಾಳಿಯಲ್ಲಿ ಹರಡುತ್ತದೆ ಎಂದು ತಿಳಿದ ಮೇಲೆ ಬೋರ್ಡೋ ಹೊಡೆಯುವ ದಾರಿ ತೆರೆಯಿತು.

ಆ ಬೋರ್ಡೋ ಕಥೆಯೂ ಹೀಗೆಯೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಿದ್ದರು. ಕಂಡರೆ ಅಸಹ್ಯವಾಗಲಿ ಎಂದು ರೈತರು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಎರಚಿದ್ದರು. ರೋಗ ಬಂದಾಗ ಆ ಸಾಲುಗಳಲ್ಲಿ ಎಲೆ ಉಳಿದವು. ಅದನ್ನು ಗಮನಿಸಿ, ಪರೀಕ್ಷೆ ಮಾಡಿ, 1885ರಲ್ಲಿ ಪ್ರಕಟಿಸಿದವನು ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ. ಆತನಿಗೆ ಅಡಿಕೆ ಮರ ಹೇಗಿರುತ್ತದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಆದರೂ ಇವತ್ತು ಸಂಸೆಯಲ್ಲಿ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂದು ಲೆಕ್ಕ ಹಾಕಿ, ರಾಳ ಸೇರಿಸಿ ಹೊಡೆಯುವ ಪ್ರತಿಯೊಬ್ಬರೂ ಆತನ ಕೆಲಸವನ್ನು ಬಳಸುತ್ತಿದ್ದೇವೆ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಎಸ್. 795 ತಳಿ ಬಂತು. ಅದರ ಒಂದು ಮೂಲ ಕೆಂಟ್ಸ್ ತಳಿ. ಎಲೆ ತುಕ್ಕು ರೋಗವನ್ನು ತಡೆದು ನಿಂತ ಗಿಡವನ್ನು ತನ್ನ ತೋಟದಲ್ಲೇ ಗುರುತಿಸಿದ ಕೆಂಟ್ ಎಂಬ ಬೆಳೆಗಾರನ ಹೆಸರು ಅದು. ಬೆಳೆಗಾರನ ಕಣ್ಣು, ವಿಜ್ಞಾನಿಯ ತಾಳ್ಮೆ ಎರಡೂ ಸೇರಿದ್ದಕ್ಕೆ ಕೆಲಸವಾಯಿತು. ಹಾಗಾಗಿ "ಲಾಭ ಏನು" ಎಂದು ಮೊದಲ ದಿನವೇ ಕೇಳಬೇಡಿ. "ಗೊತ್ತಾದದ್ದನ್ನು ನಮಗೆ ಯಾವಾಗ ಹೇಳುತ್ತೀರಿ" ಎಂದು ಕೇಳಿ.

ವಾಪಸ್ ಬರದಿದ್ದರೆ ಏನಾಗುತ್ತದೆ?

ಕೆಲವು ವರ್ಷಗಳಿಂದ ನಮ್ಮ ಭಾಗದ ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ. ಕಳಸ ಸುತ್ತಮುತ್ತ ಎಷ್ಟೋ ತೋಟಗಳು ಸುಟ್ಟಂತೆ ಕಾಣುತ್ತಿವೆ. ರೈತ ಅಂಗಡಿಗೆ ಹೋಗಿ "ರೋಗಕ್ಕೆ ಔಷಧಿ ಕೊಡಿ" ಎನ್ನುತ್ತಾನೆ. ಅಂಗಡಿಯವರು ಇದ್ದದ್ದನ್ನು ಕೊಡುತ್ತಾರೆ.

ಇಲ್ಲೊಂದು ವಿಷಯ ತಿಳಿಯಿರಿ. ಎಲೆಚುಕ್ಕಿ ತರುವ ಕೊಲೆಟೋಟ್ರೈಕಮ್ ಮೊದಲಾದವು ನಿಜವಾದ ಶಿಲೀಂಧ್ರಗಳು. ಅಡಿಕೆ ಕೊಳೆ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ವಿಜ್ಞಾನಿಗಳು ಈಗ ಅದನ್ನು ಆ ಕುಲದಿಂದ ಹೊರಗಿಟ್ಟಿದ್ದಾರೆ. ಅದು ಪಾಚಿಯ ಕಡೆಯ ಸಂಬಂಧಿ. ಇದು ಬರೀ ಪಂಡಿತರ ಜಗಳ ಅಲ್ಲ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್‌ನಂಥ ಔಷಧಿಗಳು ಶಿಲೀಂಧ್ರ ತನ್ನ ಕೋಶದ ಪೊರೆಗೆ ಬೇಕಾದ ಕೊಬ್ಬಿನಂಥ ವಸ್ತು ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ, ಹಾಗಾಗಿ ಅದಕ್ಕೆ ನಾಟುವುದಿಲ್ಲ. ಮೆಟಲಾಕ್ಸಿಲ್ ಕೊಳೆಗೆ ನಾಟುತ್ತದೆ, ಎಲೆಚುಕ್ಕಿಗೆ ಅಲ್ಲ. ಒಂದರ ಔಷಧಿಯನ್ನು ಇನ್ನೊಂದಕ್ಕೆ ಹೊಡೆದರೆ ದುಡ್ಡೂ ಹೋಯಿತು, ಮರ ಹತ್ತಿದವನ ಶ್ರಮವೂ ಹೋಯಿತು, ಹಳ್ಳಕ್ಕೆ ವಿಷವೂ ಸೇರಿತು. ಯಾವ ಕುಲಕ್ಕೆ ಸೇರಿದ ಜೀವಿ ಎಂಬ 'ಉಪಯೋಗವಿಲ್ಲದ' ಪ್ರಶ್ನೆಯ ಉತ್ತರ ಒಂದು ಎಕರೆಯ ಖರ್ಚನ್ನು ನಿರ್ಧರಿಸುತ್ತದೆ. ಈ ಮಾತು ಎಷ್ಟು ತೋಟದ ಮನೆಗಳಿಗೆ ಮುಟ್ಟಿದೆ?

ಎರಡನೆಯದು ಹಳೆಯ ಕಲ್ಲುಗಳು. ನಮ್ಮ ಜಿಲ್ಲೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದಾಗ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಓದಿಸಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟವಾಗಿ ಪ್ರಕಟಿಸಿದರು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಸಣ್ಣ ಊರೇ ಹೊಯ್ಸಳರ ಮೂಲನೆಲೆ ಸೊಸೆವೂರು ಎಂದು ವಿದ್ವಾಂಸರು ಹೇಳುವುದು ಇಂಥ ಕಲ್ಲುಬರಹಗಳನ್ನು ನಂಬಿಯೇ. ಆದರೆ ಕಲ್ಲಿನ ಮೇಲೆ ಏನು ಬರೆದಿದೆ ಎಂದು ಊರಿಗೆ ಗೊತ್ತಿಲ್ಲದಿದ್ದಾಗ "ಕೆಳಗೆ ನಿಧಿ ಇದೆ" ಎಂಬ ಕಥೆ ಹುಟ್ಟುತ್ತದೆ. ರಾತ್ರಿ ಯಾರೋ ಬಂದು ವೀರಗಲ್ಲು ಉರುಳಿಸಿ ಅಗೆಯುತ್ತಾರೆ. ಯಾವ ಪದರದಲ್ಲಿ ಯಾವ ಮಡಕೆ ಚೂರಿತ್ತು ಎಂಬುದೇ ಪುರಾತತ್ವದ ಜೀವ. ಒಮ್ಮೆ ಅಗೆದು ಕಲಸಿದರೆ ಆ ಪುಟ ಹರಿದಂತೆ, ಮತ್ತೆ ಅಂಟಿಸಲು ಬರುವುದಿಲ್ಲ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬ ಕಾನೂನು 1878ರಿಂದಲೇ ಇದೆ. ಅದೂ ಊರಿಗೆ ಗೊತ್ತಿಲ್ಲ.

ಮೂರನೆಯದು ಮೆದುಳು. ವಯಸ್ಸಾದವರು ದಾರಿ ಮರೆತರೆ, ಮಗನನ್ನೇ ಗುರುತಿಸದಿದ್ದರೆ, "ಅರವತ್ತಕ್ಕೆ ಅರಳು ಮರಳು" ಎಂದು ಸುಮ್ಮನಾಗುತ್ತೇವೆ. ಅದು ಡಿಮೆನ್ಷಿಯಾ ಎಂಬ ಕಾಯಿಲೆ ಇರಬಹುದು. ಆದರೆ ಇದನ್ನು ಪತ್ತೆ ಮಾಡುವ ಪರೀಕ್ಷೆಗಳೂ ಓದಿದವರಿಗಾಗಿ ಮಾಡಿದವು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಬಿಡಿಸಿ ಎಂದು ಕೇಳುತ್ತವೆ. ಶಾಲೆಯ ಮೆಟ್ಟಿಲು ಹತ್ತದ, ಆದರೆ ಐವತ್ತು ಆಳುಗಳ ಬಟವಾಡೆ ಬಾಯಲ್ಲೇ ಹೇಳುವ ಅಜ್ಜಿ ಈ ಪರೀಕ್ಷೆಯಲ್ಲಿ ನಪಾಸು. ಕಾಯಿಲೆ ಇಲ್ಲದವರಿಗೆ ಕಾಯಿಲೆ ಎನ್ನಬಹುದು.

ಅದಕ್ಕೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳನ್ನು ಆರಿಸಿಕೊಂಡಿತು. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತಾ ಹೋಗುವ ಗುರಿ ಅದರದು. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಮನೆಯವರು ದುಃಖದ ನಡುವೆಯೂ ಒಪ್ಪಿ ದಾನ ಕೊಟ್ಟ ಮೆದುಳುಗಳಿಂದ ರೋಗಗಳ ಅಧ್ಯಯನ ನಡೆಯುತ್ತದೆ. ಒಂದೂಕಾಲು, ಒಂದೂವರೆ ಕೆ.ಜಿ. ನಡುವೆ ತೂಗುವ ಆ ಅಂಗದಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನಮ್ಮ ಜನ ಕೊಡುವುದರಲ್ಲಿ ಕಡಿಮೆ ಮಾಡಿಲ್ಲ. ಹೇಳುವವರು ಕಡಿಮೆ.

ನಾಲ್ಕನೆಯದು ಎಲ್ಲಕ್ಕಿಂತ ನೋವಿನದು, ಸ್ಟೆಮ್ ಸೆಲ್. ಕನ್ನಡದಲ್ಲಿ ಆಕರಕೋಶ ಎನ್ನುತ್ತಾರೆ. ದೇಹದಲ್ಲಿ ಬೇರೆ ಬೇರೆ ಕೆಲಸದ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ ಇದು. ರಕ್ತದ ಕ್ಯಾನ್ಸರ್, ಥಲಸೀಮಿಯಾದಂಥ ಕಾಯಿಲೆಗೆ ಮೂಳೆಮಜ್ಜೆ ಕಸಿ ಮಾಡುವುದು ಇದೇ ಕೋಶಗಳಿಂದ. ಬೆಂಗಳೂರಿನಲ್ಲಿ ಇನ್‌ಸ್ಟೆಮ್ ಎಂಬ ಸರ್ಕಾರಿ ಸಂಸ್ಥೆ ಇದಕ್ಕಾಗಿಯೇ ಇದೆ. ಅದರ ಘಟಕವಾದ ವೆಲ್ಲೂರಿನ ಕೇಂದ್ರದವರು ಹಿಮೋಫಿಲಿಯಾ ಇರುವ ಐವರಿಗೆ ಅವರದೇ ರಕ್ತದ ಆಕರಕೋಶಗಳನ್ನು ತಿದ್ದಿ ವಾಪಸ್ ಕೊಟ್ಟರು. ಚಿಕಿತ್ಸೆಯ ನಂತರ ಅವರಿಗೆ ರಕ್ತಸ್ರಾವ ನಿಂತಿತು ಎಂದು 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ನಮ್ಮ ದೇಶ ಹೆಮ್ಮೆಪಡುವ ಕೆಲಸ ಇದು.

ಈ ಸುದ್ದಿ ನಮ್ಮ ಫೋನಿಗೆ ಬರಲಿಲ್ಲ. ಬರುವುದು "ಸ್ಟೆಮ್ ಸೆಲ್‌ನಿಂದ ಪಾರ್ಶ್ವವಾಯು, ಮಂಡಿನೋವು, ಆಟಿಸಂ ಎಲ್ಲಾ ಗುಣ" ಎಂಬ ಜಾಹೀರಾತು. ಕೇಂದ್ರ ಸರ್ಕಾರದ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಒಪ್ಪಿಗೆ ಪಡೆದ ರಕ್ತ ಸಂಬಂಧಿ ಕಾಯಿಲೆಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಇದನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ, ಪ್ರಯೋಗವಾಗಿ ಮಾತ್ರ ನಡೆಸಬಹುದು. ಆಟಿಸಂಗೆ ಇದನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಇದು ಕನ್ನಡದಲ್ಲಿ ಮನೆಮನೆಗೆ ಮುಟ್ಟಿದ್ದರೆ ಮಗುವಿಗಾಗಿ ತೋಟ ಅಡವಿಡಲು ಹೊರಟ ಅಪ್ಪ ಅಮ್ಮ ಒಂದು ಕ್ಷಣ ನಿಲ್ಲುತ್ತಿದ್ದರು. ನಿಜವಾದ ಮಾತು ಬರದ ಜಾಗವನ್ನು ಸುಳ್ಳು ಖಾಲಿ ಬಿಡುವುದಿಲ್ಲ.

ಸಂಶೋಧಕರ ಕಷ್ಟವೂ ಇದೆ

ಸಂಶೋಧಕರನ್ನು ಕೇಳಿದರೆ ಅವರಿಗೂ ಕಾರಣಗಳಿವೆ. ಒಂದು ಅಧ್ಯಯನದಿಂದ ಸಲಹೆ ಕೊಡಲಾಗದು, ವರ್ಷಗಳು ಬೇಕು. ಅರ್ಧಂಬರ್ಧ ಹೇಳಿದರೆ ಜನ ತಪ್ಪಾಗಿ ತಿಳಿಯುತ್ತಾರೆ. ಕನ್ನಡದಲ್ಲಿ ಬರೆದರೆ ಬಡ್ತಿಗೆ ಲೆಕ್ಕವಿಲ್ಲ. ಮೂರೂ ನಿಜ.

ಆದರೆ "ಇಷ್ಟು ನೋಡಿದೆವು, ಇನ್ನೂ ಖಚಿತವಾಗಿಲ್ಲ, ಅಲ್ಲಿಯವರೆಗೆ ಇದನ್ನು ನಂಬಿ ದುಡ್ಡು ಸುರಿಯಬೇಡಿ" ಎನ್ನುವುದೂ ಫಲಿತಾಂಶವೇ. ಮಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲದೆ ಕಾಫಿ ಕಣಕ್ಕೆ ಹಾಕುವವರು ನಾವು. ಖಚಿತವಲ್ಲದ ಮಾತನ್ನು ಅರಗಿಸಿಕೊಳ್ಳುವ ಶಕ್ತಿ ರೈತರಿಗಿದೆ. ಬಡ್ತಿಯ ವಿಷಯವನ್ನು ವಿಶ್ವವಿದ್ಯಾಲಯಗಳು ಸರಿಪಡಿಸಬೇಕು.

ಪತ್ರಿಕೆಗಳ ತಪ್ಪೂ ಇದೆ. ಆನೆ ದಾಳಿ, ಅಪಘಾತ, ಗುಡ್ಡ ಕುಸಿತ ಎಂದರೆ ನಮ್ಮಂಥ ಬಿಡಿ ವರದಿಗಾರರ ಸುದ್ದಿಗೆ ಜಾಗ ಸಿಗುತ್ತದೆ. ಸಂಶೋಧನೆ ಎಂದರೆ "ಇದರಲ್ಲಿ ಸುದ್ದಿ ಏನಿದೆ?" ಎಂಬ ಉತ್ತರ ಬರುತ್ತದೆ.

ಮಾಡಬಹುದಾದ ಕೆಲಸ

ನನ್ನ ಬೇಡಿಕೆ ದೊಡ್ಡದಲ್ಲ. ಒಂದು ಪಂಚಾಯಿತಿ ವ್ಯಾಪ್ತಿಯಲ್ಲಿ ಮಾದರಿ ಅಥವಾ ಮಾಹಿತಿ ಸಂಗ್ರಹಿಸಿದ ಯಾವುದೇ ಅಧ್ಯಯನ ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟದ ಸಾರಾಂಶ ಪಂಚಾಯಿತಿಗೆ ಬರಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಬೇಕು. ರಾಷ್ಟ್ರೀಯ ಉದ್ಯಾನದೊಳಗೆ ಕೆಲಸ ಮಾಡಲು ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು. ಆ ಅನುಮತಿಯ ಷರತ್ತುಗಳಲ್ಲಿ ಇದನ್ನೂ ಒಂದು ಸಾಲಾಗಿ ಸೇರಿಸಲಿ.

ಪಂಚಾಯಿತಿಯವರಿಗೂ ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಿಳಿವಳಿಕೆಯ ದಾಖಲೆ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಅದರಲ್ಲಿ ಅಣಬೆಯ ಹೆಸರು ಇದೆಯೇ ನೋಡಿ. ಹುತ್ತದಣಬೆ ಯಾವ ಮಳೆಗೆ ಏಳುತ್ತದೆ, ಕಲ್ಲಣಬೆ ಎಲ್ಲಿ ಸಿಗುತ್ತದೆ, ಯಾವುದು ತಿಂದರೆ ಅಪಾಯ ಎಂದು ತಿಳಿದ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಾತು ಬರೆದಿಡುವುದಕ್ಕೆ ಯಾವ ವಿಶ್ವವಿದ್ಯಾಲಯವೂ ಬೇಕಿಲ್ಲ.

ಇನ್ನು ನೀವು. ಯಾರಾದರೂ ನಿಮ್ಮ ರಕ್ತ, ಉತ್ತರ, ಎಲೆ, ಮಣ್ಣು ಕೇಳಿದರೆ ಕೊಡಿ. ಆದರೆ ನಾಲ್ಕು ಮಾತು ಕೇಳಿ: ಯಾವ ಸಂಸ್ಥೆಯವರು? ಯಾಕಾಗಿ? ಒಪ್ಪಿಗೆ ಪತ್ರ ನನಗೆ ತಿಳಿಯುವ ಭಾಷೆಯಲ್ಲಿ ಇದೆಯೇ? ಫಲಿತಾಂಶ ನನಗೆ ಹೇಗೆ ಸಿಗುತ್ತದೆ? ಯಾರಾದರೂ ಹೊಸ ಚಿಕಿತ್ಸೆ ಎಂದರೆ ಐದನೆಯದನ್ನೂ ಕೇಳಿ: ಇದು ಒಪ್ಪಿಗೆ ಪಡೆದ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವಾದರೆ ಸರ್ಕಾರದ ಸಿ.ಟಿ.ಆರ್.ಐ. ನೋಂದಣಿ ಸಂಖ್ಯೆ ಕೊಡಿ ಎನ್ನಿ. ಪ್ರಯೋಗ ಎನ್ನುತ್ತಲೇ ನಿಮ್ಮಿಂದ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

'ಕೊಳೆರೋಗ' ಎಂಬ ನಮ್ಮ ಪದ ಸುಮಾರು ನೂರೈವತ್ತು ವರ್ಷದ ಹಿಂದೆಯೇ ವಿಜ್ಞಾನದೊಳಗೆ ಹೋಗಿದೆ. ವಿಜ್ಞಾನ ನಮ್ಮ ಮಾತಿನೊಳಗೆ ಬರಲು ಇನ್ನೆಷ್ಟು ವರ್ಷ ಕಾಯಬೇಕು? ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ನೀರು, ಮನೆ ಪಟ್ಟಿಯ ಜೊತೆಗೆ ಈ ಪ್ರಶ್ನೆಯನ್ನೂ ಎತ್ತಿ. ಎತ್ತಿದರೆ ಏನು ಉತ್ತರ ಬಂತು ಎಂದು ನಮಗೂ ಬರೆಯಿರಿ.