ರೂಟು ಕೊಳ್ಳುವ ಮೊದಲು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಶರಣ ಬಂಧುಗಳಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಉಳಿತಾಯದ ಹಣ ಹಾಕಿ ಪಾರ್ಸೆಲ್ ಬಟವಾಡೆಯ ರೂಟು ಕೊಳ್ಳಬಹುದೇ? ಐಟಿ ನೌಕರಿ ಎಂದು ಹೋಗುವುದೋ ತಿಳಿಯದ ಕಾಲದಲ್ಲಿ ಸ್ವಂತದ್ದೊಂದು ಇರಲಿ ಎಂಬ ಆಸೆ ಸಹಜ. ಆದರೆ ಈ ವ್ಯವಹಾರದಲ್ಲಿ ಸ್ವಂತದ್ದು ಯಾವುದು ಎಂಬುದನ್ನು ನಾವು ಮೊದಲು ನೋಡಬೇಕು.

ಫೆಡೆಕ್ಸ್ ಕಂಪನಿಯ ಗ್ರೌಂಡ್ ಸೇವೆಯನ್ನೇ ತೆಗೆದುಕೊಳ್ಳೋಣ. ಮನೆಬಾಗಿಲಿಗೆ ಪಾರ್ಸೆಲ್ ತರುವ ಚಾಲಕ ಅದರ ನೌಕರನಲ್ಲ, ಗುತ್ತಿಗೆದಾರನ ನೌಕರ. ಲಾರಿ, ಡೀಸೆಲ್, ವಿಮೆ, ಸಂಬಳ ಎಲ್ಲವೂ ಗುತ್ತಿಗೆದಾರನ ತಲೆಯ ಮೇಲೆ. ಪಾರ್ಸೆಲ್ ಕಂಪನಿಯದು, ಗಿರಾಕಿ ಕಂಪನಿಯವನು, ಗಿರಾಕಿ ಕೊಡುವ ದರವನ್ನು ಗೊತ್ತುಮಾಡುವುದೂ ಕಂಪನಿಯೇ. ಊರಲ್ಲಿ ಕಿರಾಣಿ ಅಂಗಡಿ ಕೊಂಡವನಿಗೆ ಅದರ ಗಿರಾಕಿಗಳಾದರೂ ಸಿಗುತ್ತಾರೆ. ಬೇಳೆ ದುಬಾರಿಯಾದರೆ ಅವನು ದರ ಏರಿಸಬಹುದು. ಇಲ್ಲಿ ಅದೂ ಇಲ್ಲ.

ಮೊದಲು ಒಬ್ಬೊಬ್ಬ ಚಾಲಕನನ್ನೇ ಸ್ವತಂತ್ರ ಗುತ್ತಿಗೆದಾರ ಎಂದು ಕರೆಯುತ್ತಿದ್ದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯವು ಕ್ಯಾಲಿಫೋರ್ನಿಯಾದ ಚಾಲಕರು ನೌಕರರೇ ಎಂದಿತು. ಮರುವರ್ಷ ಕಂಪನಿ 22.8 ಕೋಟಿ ಡಾಲರಿಗೆ ರಾಜಿಗೆ ಬಂತು. ಈಗ ನೌಕರರನ್ನಿಟ್ಟುಕೊಂಡ ಸಣ್ಣ ಸಂಸ್ಥೆಗಳಿಗೆ ಮಾತ್ರ ಗುತ್ತಿಗೆ. ಭಾರ ಇಳಿಯಲಿಲ್ಲ, ಹೊರುವ ಹೆಗಲು ಬದಲಾಯಿತು.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಕಂಪನಿಯಿಂದ 100 ಡಾಲರ್ ಬಂದರೆ ಚಾಲಕರ ಸಂಬಳಕ್ಕೆ 48, ಡೀಸೆಲ್‌ಗೆ 14, ಲಾರಿಯ ಕಂತು ಮತ್ತು ರಿಪೇರಿಗೆ 16, ವಿಮೆ ಮತ್ತು ಸಂಬಳದ ಮೇಲಿನ ತೆರಿಗೆಗೆ 8, ಮೇಲ್ವಿಚಾರಕನಿಗೆ 4. ಉಳಿದದ್ದು 10. ಆ ರೂಟನ್ನು ವರ್ಷದ ಲಾಭದ ಮೂರು ಪಟ್ಟಿಗೆ, ಅಂದರೆ 30ಕ್ಕೆ, ಪೂರ್ತಿ ಸಾಲ ಮಾಡಿ ಕೊಂಡಿರಿ ಎನ್ನಿ. ಐದು ವರ್ಷದ ಸಾಲವಾದರೆ ಅಸಲಿಗೇ ವರ್ಷಕ್ಕೆ 6 ಹೋಗುತ್ತದೆ, ಬಡ್ಡಿ ಬೇರೆ. ಡೀಸೆಲ್ ಕಾಲು ಪಾಲು ಏರಿ, ಕಂಪನಿ ಅದನ್ನು ತುಂಬಿಕೊಡದಿದ್ದರೆ ಕೈಗೆ ಏನೂ ಉಳಿಯದು. ಸಾಲ ಐದು ವರ್ಷದ್ದು. ಕಂಪನಿಯ ಒಪ್ಪಂದ ಅಷ್ಟು ದೀರ್ಘದ್ದಲ್ಲ. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಈ ಅಂತರವೇ.

2022ರಲ್ಲಿ ಡೀಸೆಲ್ ಮತ್ತು ಕೂಲಿ ಒಟ್ಟಿಗೆ ಏರಿದಾಗ ಸ್ಪೆನ್ಸರ್ ಪ್ಯಾಟನ್ ಎಂಬ ದೊಡ್ಡ ಗುತ್ತಿಗೆದಾರ, ದರ ಹೆಚ್ಚಿಸದಿದ್ದರೆ ಅನೇಕರು ಮುಳುಗುತ್ತಾರೆಂದು ಬಹಿರಂಗವಾಗಿ ಹೇಳಿದರು. ರೂಟು ಕೊಳ್ಳುವವರಿಗೆ ಸಲಹೆ ನೀಡುವ ವ್ಯಾಪಾರವೂ ಅವರದಿತ್ತು, ಆದ್ದರಿಂದ ಅವರ ಮಾತನ್ನು ತೂಗಿಯೇ ಕೇಳಬೇಕು. ಆದರೆ ಆಗಸ್ಟ್‌ನಲ್ಲಿ ಕಂಪನಿ ಅವರ ಗುತ್ತಿಗೆಯನ್ನೇ ಕೊನೆಗೊಳಿಸಿತು. ಅಷ್ಟು ದೊಡ್ಡವರ ಗತಿ ಹಾಗಾದರೆ ಐದು ಲಾರಿಯವನು ಎಷ್ಟು ದನಿ ಎತ್ತಿಯಾನು?

ಅಮೆಜಾನ್ 2018ರಲ್ಲಿ ತಂದ ಯೋಜನೆಯಲ್ಲಿ 10,000 ಡಾಲರಿಗೇ ಆರಂಭಿಸಬಹುದು, 40 ವ್ಯಾನ್‌ವರೆಗೆ ಬೆಳೆದರೆ ವರ್ಷಕ್ಕೆ 3 ಲಕ್ಷ ಡಾಲರ್ ತನಕ ಲಾಭ ಸಾಧ್ಯ ಎಂದು ಪ್ರಕಟಣೆಯಿತ್ತು. ಕಳೆದುಕೊಳ್ಳುವುದು ಅಲ್ಲಿ ಕಡಿಮೆ, ನಿಜ. ಆದರೆ ಪಾರ್ಸೆಲ್ ಕೊಡುವವನು ಅಲ್ಲಿಯೂ ಒಬ್ಬನೇ.

ಲಾಭ ಹೀಗೆ ತೆಳುವಾದಾಗ ಯಜಮಾನನ ಕೈ ಮೊದಲು ಹೋಗುವುದು ಆ 48ರ ಕಡೆಗೆ. ಚಾಲಕನ ಕೂಲಿ ಹಿಡಿದು ಮಾಡಿದ ಗಳಿಕೆಯನ್ನು ಕಾಯಕವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಕೊಳ್ಳಲೇಬೇಕೆನ್ನುವವರು, ಸಂಬಳವನ್ನು 55ಕ್ಕೆ ಏರಿಸಿಯೂ ಲೆಕ್ಕ ನಿಲ್ಲುತ್ತದೆಯೇ ಎಂದು ಮನೆಯವರೊಡನೆ ಕುಳಿತು ನೋಡಿರಿ. ಮಾರುವವನಿಂದ ಒಂದು ವರ್ಷದ ವಾರವಾರದ ಪಾವತಿ ಚೀಟಿ ಕೇಳಿರಿ. ಒಪ್ಪಂದ ಮುಗಿಯುವ ತಾರೀಖು, ಲಾರಿಗಳು ಓಡಿದ ಮೈಲಿ ಬರೆದುಕೊಳ್ಳಿರಿ. ಚಾಲಕ ಬಾರದ ದಿನ ಗಾಡಿ ಓಡಿಸುವವರು ಯಾರು ಎಂದೂ ಕೇಳಿರಿ. ಬಹಳ ಕಡೆ ಅದು ಯಜಮಾನನೇ. ಎಚ್-1ಬಿ ವೀಸಾದವರು ತಮ್ಮದೇ ಸಂಸ್ಥೆಯಾದರೂ ಅನುಮತಿಯಿಲ್ಲದೆ ಅಲ್ಲಿ ದುಡಿಯುವಂತಿಲ್ಲ. ವಲಸೆ ಕಾನೂನಿನ ವಕೀಲರನ್ನು ಕಾಣದೆ ಅಂಥವರು ಮುಂಗಡ ಕೊಡಬಾರದು.